ವಾರ್ತೆಗಳು, ಓದುತ್ತಿರುವವರು ಅತ್ತೆಯ ಸೊಸೆ

ಟೀವಿಯಲ್ಲಿ ಬರುವ ಹೆಂಗಸರು ನಮ್ಮ ರಾಜಘಟ್ಟದ ಲೆಕ್ಕದಲ್ಲಿ ಎರಡೇ ಬಗೆ: ಸೀರಿಯಲ್ಲಿನಲ್ಲಿ ಅಳುವವರು, ಸೀರಿಯಲ್ಲಿನಲ್ಲಿ ಅಳಿಸುವವರು. ನಮ್ಮ ಹುಡುಗಿ ಎರಡಕ್ಕೂ ಸೇರಿದವಳಲ್ಲ, ವಾರ್ತೆ ಓದುವವಳು ಎಂದು ಮದುವೆ ಮಾತುಕತೆಯ ದಿನ ನಮ್ಮಪ್ಪ ವಿವರಿಸಿದಾಗ ಗಂಡಿನ ಕಡೆಯ ಹಿರಿಯರೊಬ್ಬರು ಎಲೆ ಅಡಿಕೆ ಮೆಲ್ಲುವುದನ್ನು ನಿಲ್ಲಿಸಿ, "ಓದೋದೇ ಆದ್ರೆ ಮನೇಲೇ ಕುಂತ್ಕಂಡು ಓದ್ಬೋದಲ್ಲ, ದೊಡ್ಡಬಳ್ಳಾಪುರಕ್ಕೆ ಯಾಕೋಗ್ಬೇಕು?" ಎಂದು ಕೇಳಿದರಂತೆ. ಅಪ್ಪ ಉತ್ತರ ಕೊಡಲಿಲ್ಲ. ಇಷ್ಟು ವರ್ಷ ಓದಿದ ಮೇಲೆ ನನ್ನ ಹತ್ತಿರವೂ ಉತ್ತರವಿಲ್ಲ.

ನಾನು ಓದುವುದು ತಾಲ್ಲೂಕಿನ ಒಂದು ಕೇಬಲ್ ವಾಹಿನಿಯಲ್ಲಿ. ಹೆಸರು ಹಾಕುವುದಿಲ್ಲ. ಹಾಕಿದರೆ ಪುಕ್ಕಟೆ ಪ್ರಚಾರವಾಗುತ್ತದೆ, ನಮ್ಮಲ್ಲಿ ಪುಕ್ಕಟೆ ಪ್ರಚಾರಕ್ಕೆ ಅವಕಾಶವಿಲ್ಲ. ಶ್ರದ್ಧಾಂಜಲಿಗೂ ದರಪಟ್ಟಿ ಇದೆ. ಮಾಲೀಕರೇ ಸಂಪಾದಕರು. ವರದಿಗಾರನೂ ಕ್ಯಾಮೆರಾಮನ್ನೂ ಆದ ಹುಡುಗ ಬೆಳಿಗ್ಗೆ ಕಂಬ ಹತ್ತಿ ವೈರು ಎಳೆಯುತ್ತಾನೆ, ಸಂಜೆ ಕ್ಯಾಮೆರಾ ಹಿಡಿಯುತ್ತಾನೆ, ತಿಂಗಳ ಮೊದಲ ವಾರ ಮನೆಮನೆಗೆ ಹೋಗಿ ಕೇಬಲ್ ದುಡ್ಡು ವಸೂಲಿ ಮಾಡುತ್ತಾನೆ. ಹಾಗಾಗಿ ನಮ್ಮ ವರದಿಗಾರನನ್ನು ಕಂಡರೆ ಜನ ಬಾಗಿಲು ಹಾಕಿಕೊಳ್ಳುತ್ತಾರೆ. ಪತ್ರಿಕಾ ಸ್ವಾತಂತ್ರ್ಯಕ್ಕೆ ಧಕ್ಕೆ ಎಂದು ಹೊರಗಿನವರು ಬರೆದುಕೊಳ್ಳಬಹುದು, ವಿಷಯ ಇಷ್ಟೇ.

ಸ್ಟುಡಿಯೋ ಇರುವುದು ಒಂದು ಮಹಡಿಯ ಮೇಲೆ, ಗೋಡೆಯಾಚೆ ವಿದ್ಯುತ್ ಮಗ್ಗದ ಷೆಡ್ಡು. ದೊಡ್ಡಬಳ್ಳಾಪುರದಲ್ಲಿ ಮಗ್ಗದ ಸದ್ದಿಲ್ಲದ ಗೋಡೆ ಹುಡುಕುವುದು ಕಷ್ಟ. ಕರೆಂಟ್ ಇದ್ದಾಗ ಮಗ್ಗ ಓಡುತ್ತದೆ, ಆ ಸದ್ದಿನಲ್ಲಿ ನನ್ನ ದನಿ ಕೇಳುವುದಿಲ್ಲ. ಕರೆಂಟ್ ಹೋದರೆ ಮಗ್ಗ ನಿಂತು ಇಡೀ ಬೀದಿ ನಿಶ್ಶಬ್ದವಾಗುತ್ತದೆ, ಆಗ ಕ್ಯಾಮೆರಾ ಓಡುವುದಿಲ್ಲ. ಇದಕ್ಕೆ ನಮ್ಮ ಮಾಲೀಕರು ಕಂಡುಕೊಂಡ ದಾರಿ ಯುಪಿಎಸ್. ಅದರ ಬ್ಯಾಟರಿ ಸರಿಯಾಗಿ ಒಂದು ಬುಲೆಟಿನ್‌ಗೆ ಸಾಲುತ್ತದೆ. ಆದ್ದರಿಂದ ಮುಖಕ್ಕೆ ಪೌಡರ್ ಹಚ್ಚಿಕೊಂಡು, ಸೆರಗಿನೊಳಗೆ ಕಾಲರ್ ಮೈಕ್ ಸಿಕ್ಕಿಸಿಕೊಂಡು ನಾನು ಕರೆಂಟ್ ಹೋಗುವುದನ್ನೇ ಕಾಯುತ್ತಾ ಕೂತಿರುತ್ತೇನೆ. ಬೆಸ್ಕಾಂನವರು ಲೈನ್ ತೆಗೆದರೆ ಇಡೀ ತಾಲ್ಲೂಕು ಬೈಯುವಾಗ ಸಂತೋಷದಿಂದ "ರೋಲಿಂಗ್!" ಎಂದು ಕೂಗುವ ಒಂದೇ ಕಟ್ಟಡ ನಮ್ಮದು. ಅದಾಗಿ ನಾನು ಓದುವ ಮೊದಲ ಸುದ್ದಿ ಬಹುಪಾಲು, "ತಾಲ್ಲೂಕಿನಲ್ಲಿ ಅನಿಯಮಿತ ವಿದ್ಯುತ್ ಕಡಿತ, ರೈತರ ಆಕ್ರೋಶ."

ಈ ವೃತ್ತಿಯ ಇತಿಹಾಸ ನನಗೆ ಗೊತ್ತಾದದ್ದು ಅತ್ತೆಯ ಬಾಯಿಂದ. ಕನ್ನಡ ವಾಹಿನಿಗಳ ಪಂಚಾಂಗವೇ ಅವರ ಹತ್ತಿರ ಇದೆ. ಉದಯ ಟೀವಿ ಬಂದ 1994ರಲ್ಲಿ ಕೊಂಬು ಮುರಿದ ಎಮ್ಮೆ ಎರಡನೇ ಸಲ ಕರು ಹಾಕಿತು. ಈಟೀವಿ ಬಂದ 2000ದಲ್ಲಿ ಮೈದುನ ಬೇರೆ ಹೋದ. ಟೀವಿ9 ಬಂದ 2006ರಲ್ಲಿ ಮಗ, ಅಂದರೆ ನಮ್ಮ ಯಜಮಾನರು, ಪಿಯುಸಿಯಲ್ಲಿ ಫೇಲು. ಸುವರ್ಣ ನ್ಯೂಸ್ ಬಂದ 2008ರಲ್ಲಿ ಮತ್ತೆ ಫೇಲು. 2012ರ ಫೆಬ್ರವರಿಯಲ್ಲಿ ಪಬ್ಲಿಕ್ ಟೀವಿ ಶುರುವಾದಾಗ ನಮ್ಮ ಮದುವೆ ಮಾತು. ಆ ವಾಹಿನಿಯ ಎಚ್. ಆರ್. ರಂಗನಾಥ್ ಅವರನ್ನು ಇಡೀ ಕರ್ನಾಟಕದಂತೆ ನಮ್ಮತ್ತೆಯೂ ರಂಗಣ್ಣ ಎಂದೇ ಕರೆಯುವುದು. ರಾತ್ರಿ ಅವರ ಬಿಗ್ ಬುಲೆಟಿನ್ ಬಂತೆಂದರೆ ಮುದ್ದೆ ತಟ್ಟೆ ಅಲ್ಲಿಗೇ ಬರಬೇಕು. "ರಂಗಣ್ಣನ್ನ ನೋಡು, ಕಾಗ್ದ ನೋಡ್ದೇನೇ ಎಂಗ್ ಮಾತಾಡ್ತಾರೆ. ನೀನು ಗಾಜು ನೋಡ್ಕಂಡು ಓದ್ತೀಯ" ಎಂದು ನನಗೆ ವಾರಕ್ಕೊಮ್ಮೆಯಾದರೂ ತರಬೇತಿ ಆಗುತ್ತದೆ.

ಗಾಜು ಎಂದರೆ ಪ್ರಾಂಪ್ಟರ್. ಕ್ಯಾಮೆರಾದ ಕಣ್ಣಿನ ಮುಂದೆ ಓರೆಯಾಗಿ ನಿಲ್ಲಿಸಿದ ಗಾಜು, ಅದರ ಮೇಲೆ ಅಕ್ಷರ ಪ್ರತಿಫಲಿಸುತ್ತದೆ. ಓದುತ್ತಿದ್ದರೂ ನಾವು ನೋಡುಗರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದಂತೆ ಕಾಣುತ್ತದೆ. 1950ರ ಸುಮಾರಿಗೆ ಅಮೆರಿಕದಲ್ಲಿ ಫ್ರೆಡ್ ಬಾರ್ಟನ್ ಎಂಬ ನಟನಿಗೆ ಮಾತು ನೆನಪಿಟ್ಟುಕೊಳ್ಳುವುದೇ ತಲೆನೋವಾಗಿ, ಹ್ಯೂಬರ್ಟ್ ಶ್ಲಾಫ್ಲಿ ಎಂಬ ಎಂಜಿನಿಯರು ಅರ್ಧ ಸೂಟ್‌ಕೇಸಿಗೆ ಮೋಟಾರು ಕೂರಿಸಿ, ಕಾಗದದ ಸುರುಳಿ ಸುತ್ತಿ ಮೊದಲನೆಯದನ್ನು ಮಾಡಿಕೊಟ್ಟನಂತೆ. ನಮ್ಮದೂ ಆ ಕಾಲಕ್ಕೆ ಬಹಳ ದೂರವಿಲ್ಲ. ದೇವರ ಪಟಕ್ಕೆ ಕಟ್ಟು ಹಾಕುವ ಅಂಗಡಿಯಲ್ಲಿ ಗಾಜು ಕತ್ತರಿಸಿ ತಂದದ್ದು. ಅಕ್ಷರ ಓಡಿಸುವವನು ಅದೇ ಕಂಬ ಹತ್ತುವ ಹುಡುಗ. ಅವನಿಗೆ ಫೋನ್ ಬಂದರೆ ಅಕ್ಷರ ನಿಲ್ಲುತ್ತದೆ, ನಾನು ನಿಂತ ಪದವನ್ನೇ ಎಳೆದು ಎಳೆದು ಓದುತ್ತೇನೆ. ತಹಸೀಲ್ದಾರರ ಬಗ್ಗೆ ನನಗೆ ವಿಶೇಷ ಗೌರವ ಇದೆ ಎಂದು ಜನ ತಿಳಿದಿದ್ದರೆ ಅದಕ್ಕೆ ಕಾರಣ ಆ ಫೋನು.

ಮಾವನವರ ಆದರ್ಶ ಬೇರೆ. ಅವರಿಗೆ ವಾರ್ತಾ ವಾಚಕಿ ಎಂದರೆ ದೆಹಲಿ ದೂರದರ್ಶನದ ಸಲ್ಮಾ ಸುಲ್ತಾನ್, ಕಿವಿಯ ಹಿಂದೆ ಗುಲಾಬಿ ಮುಡಿಯುತ್ತಿದ್ದವರು. 1984ರ ಅಕ್ಟೋಬರ್ 31ರ ಸಂಜೆ ಇಂದಿರಾ ಗಾಂಧಿಯವರ ಹತ್ಯೆಯ ಸುದ್ದಿಯನ್ನು ದೂರದರ್ಶನದಲ್ಲಿ ಓದಿದವರು ಅವರೇ. ಮಾವನವರಿಗೆ ಹಿಂದಿ ಒಂದಕ್ಷರ ಬಾರದು. ಸುದ್ದಿಯನ್ನು ಅವರ ಮುಖ ನೋಡಿಯೇ ಅರ್ಥ ಮಾಡಿಕೊಂಡೆ ಎನ್ನುತ್ತಾರೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ತೋಟದಿಂದ ಒಂದು ಗುಲಾಬಿ ಎಲೆ ಸಮೇತ ಕಿತ್ತು ತಂದು, "ಕಿವಿ ಪಕ್ಕ ಇಟ್ಕಳಮ್ಮ" ಎಂದು ಕೊಟ್ಟರು. ಇಟ್ಟುಕೊಂಡೆ. ಟೀವಿಯಲ್ಲಿ ಹೂ ಕಂಡಿತು, ಎಲೆ ಕಾಣಲಿಲ್ಲ. ಎಲೆ ಯಾಕೆ ಮಾಯವಾಯಿತು ಎಂಬ ಪ್ರಶ್ನೆಯನ್ನು ಮನೆಯಲ್ಲಿ ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡಿದ್ದರೆ ಮುಂದಿನ ಗಿಳಿಹಸಿರು ಪ್ರಕರಣ ನಡೆಯುತ್ತಿರಲಿಲ್ಲ.

ನಮ್ಮ ಯಜಮಾನರದು ಮಗ್ಗದ ವ್ಯಾಪಾರ. ಲೋಕದ ಕಣ್ಣಿಗೆ ನಾನು ಸುದ್ದಿ ಓದುವವಳು. ಅವರ ಪ್ರಕಾರ ನಾನು ಸೀರೆ ತೋರಿಸುವವಳು, ಸುಮ್ಮನೆ ಕೂತರೆ ಚೆನ್ನಾಗಿರುವುದಿಲ್ಲ ಎಂದು ನಡುವೆ ಸುದ್ದಿ ಹೇಳುತ್ತೇನೆ. ಹೊಸ ಡಿಸೈನು ಮಗ್ಗದಿಂದ ಇಳಿದ ದಿನವೇ ನನ್ನ ಮೈಮೇಲೆ ಬರಬೇಕು. ಸಣ್ಣ ಗೀರಿನ ಸೀರೆ ಕ್ಯಾಮೆರಾದಲ್ಲಿ ನೀರಿನ ಅಲೆಯ ಹಾಗೆ ಕುಣಿಯುತ್ತದೆ ಎಂದರೆ, "ಕುಣೀಲಿ ಬಿಡು, ಜನ ಕಣ್ಣು ಕೀಳದೆ ನೋಡ್ತಾರೆ." ಒಂದು ಯುಗಾದಿಗೆ ಗಿಳಿಹಸಿರು ಒಡಲು, ಕೆಂಪು ಅಂಚಿನ ಸೀರೆ ತಂದರು. ನನ್ನ ಹಿಂದೆ ಕಟ್ಟಿರುವ ಬಟ್ಟೆಯೂ ಹಸಿರು. ಅದನ್ನು ಕ್ರೋಮಾ ಎನ್ನುತ್ತಾರೆ. ಕಂಪ್ಯೂಟರು ಚೌಕಟ್ಟಿನೊಳಗೆ ಹಸಿರು ಕಂಡಲ್ಲೆಲ್ಲ ಅದನ್ನು ಅಳಿಸಿ ಬೇರೆ ಚಿತ್ರ ತುಂಬುತ್ತದೆ. ಗುಲಾಬಿ ಎಲೆ ಹೋದದ್ದೂ ಹೀಗೆಯೇ. ವಿವರಿಸಿ ಹೇಳಿದೆ. ಯಜಮಾನರು ಸೀರೆಯನ್ನು ಬೆಳಕಿಗೆ ಹಿಡಿದು ಪರೀಕ್ಷಿಸಿ, "ಆ ಬಟ್ಟೆ ಬರೀ ಹಸಿರು. ಇದು ಗಿಳಿಹಸಿರು. ಬಣ್ಣದ ವಿಚಾರ ನಂಗೇ ಹೇಳ್ತೀಯಾ?" ಎಂದರು. ಬಣ್ಣದ ವಿಚಾರ ಅವರಿಗೆ ಹೇಳಲಾಗದು, ಅವರ ಅಪ್ಪನ ಕಾಲದಿಂದ ಬಣ್ಣದವರು.

ಅವತ್ತು ಹಿಂದಿನ ಚಿತ್ರ ನಂದಿಬೆಟ್ಟದ್ದು, ಮಂಜು ನಿಧಾನವಾಗಿ ಚಲಿಸುವ ವಿಡಿಯೋ. ರಾತ್ರಿ ಎಂಟಕ್ಕೆ ಮನೆಯವರೆಲ್ಲ ಟೀವಿ ಮುಂದೆ ಕೂತೆವು. ನನ್ನ ತಲೆ ಬಂತು. ಎರಡು ಕೈ ಬಂದವು. ಕುತ್ತಿಗೆಯ ಕೆಳಗೆ ನಂದಿಬೆಟ್ಟ. ಮಧ್ಯೆ ಆಕಾಶದಲ್ಲಿ ಒಂದು ಕೆಂಪು ಅಂಚು ಓರೆಯಾಗಿ ತೇಲುತ್ತಿತ್ತು. "ವಾರಾಂತ್ಯದಲ್ಲಿ ನಂದಿಬೆಟ್ಟದ ರಸ್ತೆಯಲ್ಲಿ ವಾಹನ ದಟ್ಟಣೆ" ಎಂದು ನಾನು ಓದುತ್ತಿದ್ದಂತೆ ನನ್ನ ಹೊಟ್ಟೆಯ ಭಾಗದಿಂದ ಮಂಜು ಎದ್ದು ಎಡ ಭುಜದ ಕಡೆ ಹೋಯಿತು. ಮತ್ತೆ ರೆಕಾರ್ಡ್ ಮಾಡೋಣವೆಂದರೆ ಬ್ಯಾಟರಿ ಮುಗಿದಿತ್ತೆಂದು ಮಾಲೀಕರು ಹಾಗೇ ಬಿಟ್ಟಿದ್ದರು. ಅಂದಿನ ರಾತ್ರಿ ಕಚೇರಿಗೆ ಬಂದ ಫೋನುಗಳಲ್ಲಿ ಒಬ್ಬರೂ ಆ ಹೆಂಗಸಿನ ಮೈ ಏನಾಯಿತು ಎಂದು ಕೇಳಲಿಲ್ಲ. ಎಲ್ಲರೂ ಕೇಳಿದ್ದು ಅಂಚು ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು. ಯಜಮಾನರು ಗೆದ್ದವರಂತೆ ಮೀಸೆ ತೀಡಿಕೊಂಡರು. ಅತ್ತೆ ಮಾತ್ರ ತುಂಬ ಹೊತ್ತು ನೋಡಿ, ಸಮಾಧಾನದ ಉಸಿರು ಬಿಟ್ಟು, "ಮೈ ಕಾಣ್ದಿದ್ರೆ ಒಳ್ಳೇದೇ ಆಯ್ತು ಕಣಮ್ಮ. ಇನ್ಮೇಲೆ ಅಂಗೇ ಓದು" ಎಂದರು.

ದೊಡ್ಡ ವಾಹಿನಿಯವರಿಗಿಲ್ಲದ ಒಂದು ಕಷ್ಟ ನಮಗಿದೆ, ಅದರ ಹೆಸರು ಮರುಪ್ರಸಾರ. ರಾತ್ರಿಯ ಬುಲೆಟಿನ್ ಬೆಳಿಗ್ಗೆ ಏಳಕ್ಕೆ ಮತ್ತೆ ಬರುತ್ತದೆ. ಆ ಹೊತ್ತಿಗೆ ನಾನು ನೈಟಿಯ ಮೇಲೆ ಟವೆಲ್ ಹೊದ್ದು, ತಲೆಗೆ ಕ್ಲಿಪ್ ಕಚ್ಚಿಸಿ, ಹಾಲಿನ ಕ್ಯಾನು ಹಿಡಿದು ಡೈರಿಯ ಸಾಲಿನಲ್ಲಿ ನಿಂತಿರುತ್ತೇನೆ. ಎದುರಿನ ಟೀ ಅಂಗಡಿಯ ಟೀವಿಯಲ್ಲಿ ರೇಷ್ಮೆ ಸೀರೆಯುಟ್ಟ ನಾನು ಕೂತಿರುತ್ತೇನೆ. ಟೀ ಕುಡಿಯುವವರು ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡುತ್ತಾರೆ. ಇಬ್ಬರೂ ಒಬ್ಬರೇ ಎಂದು ಒಪ್ಪಲು ಯಾರಿಗೂ ಮನಸ್ಸಿಲ್ಲ. ನನಗೂ ಇಲ್ಲ. ಡೈರಿಯಲ್ಲಿ ಹಾಲಿನ ಡಿಗ್ರಿ ಕಡಿಮೆ ಬಂತೋ, "ಟೀವಿಯೋರ ಮನೆ ಹಾಲೂ ನೀರಾ?" ಎಂದು ಹಿಂದಿನಿಂದ ಒಂದು ದನಿ ಬರುತ್ತದೆ. ಅದಕ್ಕಿಂತ ಬೇಸರದ ಸಂಗತಿ, ನಾನು ರಾತ್ರಿ ಓದುವ ಸುದ್ದಿಯೆಲ್ಲ ಅದೇ ಸಾಲಿನಲ್ಲಿ ಹಿಂದಿನ ಬೆಳಿಗ್ಗೆಯೇ ಮುಗಿದಿರುತ್ತದೆ. ಯಾವ ತೋಟದಲ್ಲಿ ಚಿರತೆ ಹೆಜ್ಜೆ ಕಂಡಿತು, ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಯಾರ ಜೋಡಿ ಎತ್ತು ಎಷ್ಟಕ್ಕೆ ಹೋಯಿತು, ದೊಡ್ಡತುಮಕೂರು ಕೆರೆಗೆ ಸೇರುವ ಕೊಳಚೆ ನೀರಿನ ವಿರುದ್ಧ ಯಾವ ಊರಿನವರು ಪ್ರತಿಭಟನೆಗೆ ಟ್ರ್ಯಾಕ್ಟರ್ ಕಟ್ಟಿದರು, ಎಲ್ಲವೂ ಫ್ಯಾಟ್ ಪರೀಕ್ಷೆ ಮುಗಿಯುವುದರೊಳಗೆ ಬಿತ್ತರವಾಗುತ್ತದೆ. ನನ್ನ ಕೆಲಸ ಅದನ್ನು ಗ್ರಾಂಥಿಕ ಕನ್ನಡಕ್ಕೆ ತಿರುಗಿಸಿ ಹನ್ನೆರಡು ಗಂಟೆ ತಡವಾಗಿ ಓದುವುದು.

ಗ್ರಾಂಥಿಕ ಕನ್ನಡ ಎಂದೆನಲ್ಲ, ಅದಕ್ಕೆ ಪಟ್ಟ ಪಾಡು ಬೇರೆ. ನಮ್ಮ ಕಡೆ ಹಕಾರ ಬಾಯಿಗೆ ಬರುವುದೇ ಕಷ್ಟ. ಮೊದಮೊದಲು ಕೊಟ್ಟಿಗೆಯಲ್ಲಿ ನಿಂತು "ಹಾಸನ, ಹಾವೇರಿ, ಹೊಸಕೋಟೆ, ಹೆಸರಘಟ್ಟ" ಎಂದು ಅಭ್ಯಾಸ ಮಾಡುತ್ತಿದ್ದೆ. ಬಾಯಿಯೇನೋ ತಿರುಗಿತು, ಆದರೆ ಹಸುವಿಗೂ ಅಭ್ಯಾಸವಾಗಿಬಿಟ್ಟಿತು. ಈಗಲೂ ಈ ಊರುಗಳ ಹೆಸರು ಹೇಳದೆ ಕೆಚ್ಚಲಿಗೆ ಕೈ ಹಾಕಿದರೆ ಒದೆಯುತ್ತದೆ.

ಹೊರಗೆ ಹೋಗಿ ಮೈಕ್ ಹಿಡಿದು ಮಾತಾಡುವ ಅವಕಾಶ ಮೊದಲು ಸಿಕ್ಕಿದ್ದು ನಮ್ಮೂರಲ್ಲೇ, ಬೂದಿಗುಂಡಿ ಎಂಬ ಜಾಗದಲ್ಲಿ. ಆಟೋ ಖರ್ಚು ಇಲ್ಲ ಎಂದು ಮಾಲೀಕರು ಆ ಜಾಗ ಆರಿಸಿದರು. 2001ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಪ್ರೊ. ಎಂ. ಎಸ್. ಕೃಷ್ಣಮೂರ್ತಿಯವರ ತಂಡ ಅಲ್ಲಿ ಅಗೆದಾಗ ಬೌದ್ಧ ಚೈತ್ಯ, ವಿಹಾರದ ಇಟ್ಟಿಗೆ ಗೋಡೆಗಳು ಸಿಕ್ಕವು. ಜೊತೆಗೆ ಹಿಡಿಯಲ್ಲಿ ಹಿಡಿಯುವಂಥ ಮಣ್ಣಿನ ಪುಟ್ಟ ಸ್ತೂಪಗಳು ರಾಶಿ ರಾಶಿ. ಅವುಗಳೊಳಗೆ ಅಕ್ಷರ ಒತ್ತಿದ ಮಣ್ಣಿನ ಬಿಲ್ಲೆ. ಯೋಚಿಸಿ: ಬರೆದವರು ಅದನ್ನು ಯಾರಿಗೂ ಓದಲು ಕೊಡಲಿಲ್ಲ. ಮಣ್ಣಲ್ಲಿ ಮುಚ್ಚಿ, ಹರಕೆ ತೀರಿತೆಂದು ಎದ್ದು ಹೋದರು. ಪ್ರಾಂಪ್ಟರಿಲ್ಲ, ನೋಡುಗರಿಲ್ಲ, ಮರುಪ್ರಸಾರದ ಆಸೆಯೂ ಇಲ್ಲ. ಸಾವಿರಕ್ಕೂ ಹೆಚ್ಚು ವರ್ಷ ಆ ಮಾತು ನಮ್ಮೂರ ಮಣ್ಣಲ್ಲಿ ಹಾಗೇ ಉಳಿಯಿತು. ತಾಲ್ಲೂಕಿಗೆಲ್ಲ ಸಾರಿ ಹೇಳಿದ ನನ್ನ ಬುಲೆಟಿನ್ ಮಾತ್ರ, ಪಾತ್ರೆ ತೊಳೆದು ಬರುವುದರೊಳಗೆ ನಮ್ಮ ಮನೆಯವರಿಗೇ ಮರೆತಿರುತ್ತದೆ. ಈ ಮಾತನ್ನೆಲ್ಲ ನಾನು ಕ್ಯಾಮೆರಾ ಮುಂದೆ ಭಾವಪೂರ್ಣವಾಗಿ ಹೇಳಿದೆ. ರಾತ್ರಿ ನೋಡಿದ ಅತ್ತೆಯ ಪ್ರತಿಕ್ರಿಯೆ: "ನಾವು ಸಣ್ಣೋರಿದ್ದಾಗ ಅಲ್ಲಿ ಕುರಿ ಮೇಯಿಸ್ತಿದ್ರು. ಅಲ್ಲಿ ನಿಂತ್ಕಂಡು ಮಾತಾಡೋಕೆ ಸಂಬ್ಳ ಕೊಡ್ತಾರಾ?"

ಕೊಡುತ್ತಾರೆ, ಕೊಡಬೇಕೆನಿಸಿದಾಗ. 2017ರಲ್ಲಿ ಹಳ್ಳಿಗಳಿಗೂ ಸೆಟ್‌ಟಾಪ್ ಬಾಕ್ಸ್ ಕಡ್ಡಾಯವಾಗಿ ಹಳೇ ಕೇಬಲ್ ನಿಂತಾಗ ನಮ್ಮ ವಾಹಿನಿ ಮೂರಂಕಿಯ ಯಾವುದೋ ಮೂಲೆಗೆ ಹೋಯಿತು. ರಿಮೋಟಿನಲ್ಲಿ ಮೂರು ಸಲ ಒತ್ತುವಷ್ಟರಲ್ಲಿ ಜನಕ್ಕೆ ಬೇರೇನಾದರೂ ಸಿಕ್ಕಿಬಿಡುತ್ತದೆ. ಅದೇ ವರ್ಷ ಉದಯ ನ್ಯೂಸ್ ಮುಚ್ಚಿತು. ಅಷ್ಟು ದೊಡ್ಡವರೇ ಮುಚ್ಚಿದಾಗ ನಮ್ಮದು ಉಳಿದದ್ದು ಹುಟ್ಟುಹಬ್ಬದ ಶುಭಾಶಯಗಳಿಂದ. ಫ್ಲೆಕ್ಸಿನಲ್ಲಿ ಜಾಗ ಸಿಗದ ಯುವ ಮುಖಂಡರೆಲ್ಲ ನಮ್ಮ ಪರದೆಯ ಕೆಳಗೆ ಸಾಲಾಗಿ ಓಡುತ್ತಾರೆ. ನೆಂಟರಿಗೂ ನನ್ನಿಂದ ಒಂದು ಉಪಯೋಗವಿದೆ. ಸೀಮಂತ, ನಾಮಕರಣ, ಬೀಗರೂಟ ಯಾವುದೇ ಇರಲಿ, "ಹೆಂಗೂ ನಮ್ಮುಡುಗಿ ಟೀವೀಲಿ ಮಾತಾಡ್ತಾಳಲ್ಲ" ಎಂದು ಕೈಗೆ ಮೈಕ್ ಕೊಡುತ್ತಾರೆ. ಗಾಜಿಲ್ಲದೆ ನನಗೆ ಮಾತು ಹೊರಡುವುದಿಲ್ಲ ಎಂದರೆ ಅದು ಬಿಂಕ ಎನ್ನುತ್ತಾರೆ.

ಮನೆಯಲ್ಲಿ ಗೌರವ ಸಿಕ್ಕಿದ್ದು ನನಗಲ್ಲ, ನಮ್ಮ ಭಾವನವರಿಗೆ. ಒಂದು ಸಂಜೆ ನಾನು ಮರೆತುಬಂದ ಊಟದ ಡಬ್ಬಿ ಕೊಡಲು ಸ್ಟುಡಿಯೋಗೆ ಬಂದರು. ಟೊಮ್ಯಾಟೊ ದರದ ಬಗ್ಗೆ ಚರ್ಚೆಗೆ ಬರಬೇಕಿದ್ದ ಕೃಷಿ ತಜ್ಞರು ಬಂದಿರಲಿಲ್ಲ, ಕರೆಂಟ್ ಆಗಲೇ ಹೋಗಿತ್ತು. ಹುಡುಗ ಭಾವನವರ ಶರ್ಟಿಗೆ ಮೈಕ್ ಸಿಕ್ಕಿಸಿಯೇ ಬಿಟ್ಟ. 2006ರ ಮೇ ತಿಂಗಳಲ್ಲಿ ಲಂಡನ್ನಿನ ಬಿಬಿಸಿಯಲ್ಲಿ ಇಂಥದ್ದೇ ನಡೆದಿದೆ. ಕೆಲಸದ ಸಂದರ್ಶನಕ್ಕೆಂದು ಬಂದು ಕೂತಿದ್ದ ಗೈ ಗೋಮಾ ಎಂಬಾತನನ್ನು, ಗೈ ಕ್ಯೂನಿ ಎಂಬ ತಂತ್ರಜ್ಞಾನ ಬರಹಗಾರರೆಂದು ತಿಳಿದು ನೇರಪ್ರಸಾರಕ್ಕೆ ಕೂರಿಸಿಬಿಟ್ಟರು. ಆತನ ಮುಖದ ಗಾಬರಿ ಕಂಡು ಜಗತ್ತೇ ನಕ್ಕಿತು. ನಮ್ಮ ಭಾವನವರ ಮುಖದಲ್ಲಿ ಗಾಬರಿಯ ಸುಳಿವೂ ಇರಲಿಲ್ಲ. ಕೈಯಲ್ಲಿ ಡಬ್ಬಿ ಹಿಡಿದುಕೊಂಡೇ, "ನೋಡಿ, ಇದಕ್ಕೆಲ್ಲ ಮೂಲ ಕಾರಣ ಕೇಂದ್ರ ಮತ್ತು ರಾಜ್ಯ" ಎಂದು ಆರಂಭಿಸಿದವರು ಬ್ಯಾಟರಿ ಮುಗಿಯುವವರೆಗೆ ನಿಲ್ಲಿಸಲಿಲ್ಲ. ಈಗ ಊರಲ್ಲಿ ಅವರನ್ನು ತಜ್ಞರು ಎಂದೇ ಕರೆಯುವುದು. ಅವರು ಬೆಳೆದ ಟೊಮ್ಯಾಟೊ ಆ ವರ್ಷವೂ ತಿಪ್ಪೆಗೇ ಹೋಯಿತು.

ಆದರೆ ಈ ವೃತ್ತಿ ಏನೆಂದು ನನಗೆ ನಿಜವಾಗಿ ತಿಳಿದದ್ದು ಚಿನ್ನದ ಸುದ್ದಿಯಲ್ಲಿ.

ಅತ್ತೆಯ ತವರಿನ ಕಡೆ ನೆಂಟರೊಬ್ಬರ ಮನೆಯಲ್ಲಿ ಕಳ್ಳತನವಾಯಿತು. ಎಫ್‌ಐಆರ್‌ನಲ್ಲಿ ಬರೆದದ್ದು 38 ಗ್ರಾಂ. ಬೆಳಿಗ್ಗೆ ಆ ಮನೆಯ ಹಿರಿಯರು ಬಾಳೆಹಣ್ಣಿನ ಚಿಪ್ಪಿನೊಂದಿಗೆ ನಮ್ಮ ಜಗಲಿಗೆ ಬಂದು, "ಕಾಲು ಕೆಜಿ ಅಂತ ಓದ್ಬುಡವ್ವ. ದೇವನಹಳ್ಳಿ ಕಡೆಯೋರು ಹುಡುಗಿ ನೋಡ್ಕಂಡೋಗವ್ರೆ" ಎಂದರು. ಅವರು ಬಸ್ ಹತ್ತುವುದರೊಳಗೆ ಅವರ ಮಗನ ಫೋನು: "ಅಕ್ಕಾ, ಅಪ್ಪನ ಮಾತು ಕೇಳ್ಬೇಡಿ. ಅತ್ತು ಗ್ರಾಂ ಅನ್ನಿ. ಜಾಸ್ತಿ ಅಂದ್ರೆ ಬಿಪಿಎಲ್ ಕಾರ್ಡು ಓಗುತ್ತೆ." ಮಧ್ಯಾಹ್ನ ಆ ಮನೆಯ ಸೊಸೆ ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ತಡೆದು, ಕಿವಿಯಲ್ಲಿ, "ಹಾರ ಹೋಗಿಲ್ಲ ಅಕ್ಕ. ಅದು ಒನ್ ಗ್ರಾಂ ಗೋಲ್ಡು, ಕಳ್ಳಂಗೇ ಗೊತ್ತಾಗಿ ಬಿಟ್ಟೋಗವ್ನೆ. ಹಾರದ ಮಾತು ಎತ್ಬೇಡಿ, ನಮ್ಮತ್ತೆಗೆ ಗೊತ್ತಿಲ್ಲ" ಎಂದಳು. ನಮ್ಮತ್ತೆಯ ಆದೇಶ ಸರಳವಾಗಿತ್ತು: "ನನ್ನ ತವರಿನ ಮಾನ. ನೀನೇನ್ ಓದ್ತೀಯೋ ನೋಡ್ತೀನಿ."

ದೆಹಲಿಯಲ್ಲಿ ಕೂತು ಮೇಜು ಗುದ್ದಿ ಕಿರುಚುವ ನಿರೂಪಕರನ್ನು ಕಂಡಾಗ ನನಗೆ ಹೊಟ್ಟೆಕಿಚ್ಚಾಗುವುದು ಇದಕ್ಕೇ. ಅವರು ಯಾರನ್ನು ಬೈದರೋ ಆ ಮನುಷ್ಯ ಅವರ ಮನೆಯ ಸೀಮಂತಕ್ಕೆ ಬರುವುದಿಲ್ಲ. ನಾನು ಕಳ್ಳನ ಹೆಸರು ಹೇಳಿದರೂ ಅವನ ಸೋದರತ್ತೆ ನಾಳೆ ಡೈರಿಯಲ್ಲಿ ನನ್ನ ಹಿಂದೆಯೇ ನಿಂತಿರುತ್ತಾಳೆ. ನಮ್ಮ ಬುಲೆಟಿನ್ನಿಗೆ ಕತ್ತರಿ ಹಾಕುವುದು ಸಂಪಾದಕರಲ್ಲ, ನೆಂಟಸ್ತಿಕೆ. ಅದರಿಂದ ಸುದ್ದಿಯಲ್ಲಿ ಸಪ್ಪೆತನ ಬಂದಿದೆ, ಒಪ್ಪುತ್ತೇನೆ. ಆದರೆ ಇಲ್ಲದ್ದನ್ನು ಹೇಳುವ ಧೈರ್ಯ ನಮಗೆ ಬಾರದಿರುವುದೂ ಅದರಿಂದಲೇ. ಮಾರನೇ ಬೆಳಿಗ್ಗೆ ಮುಖ ತೋರಿಸಬೇಕಲ್ಲ.

ಮಾಲೀಕರು ಅನುಭವಸ್ಥರು. "ಅಪಾರ ಮೌಲ್ಯದ ಚಿನ್ನಾಭರಣ" ಎಂದು ತಿದ್ದಿ ಕೊಟ್ಟರು. ಅಪಾರದಲ್ಲಿ ಕಾಲು ಕೆಜಿಯೂ ಹಿಡಿಯುತ್ತದೆ, ಹತ್ತು ಗ್ರಾಮೂ ಹಿಡಿಯುತ್ತದೆ. ಓದಿದೆ. ಎಲ್ಲರೂ ಸಂತೋಷಪಟ್ಟರು. ಪೊಲೀಸರು ಮಾತ್ರ ಅದೇ ವಾರ ಕಳ್ಳನನ್ನು ಹಿಡಿದು, ಠಾಣೆಯ ಮೇಜಿನ ಮೇಲೆ ಒಡವೆ ಹರಡಿ, ಪಕ್ಕದಲ್ಲಿ ತೂಕದ ಚೀಟಿ ಇಟ್ಟು ಸುದ್ದಿಗೋಷ್ಠಿ ಮಾಡಿಬಿಟ್ಟರು. ನಮ್ಮ ಹುಡುಗ ಉತ್ಸಾಹದಿಂದ ಆ ಚೀಟಿಯನ್ನೇ ಕ್ಲೋಸಪ್ಪಿನಲ್ಲಿ ತೋರಿಸಿದ. 38 ಗ್ರಾಂ. ನೆಂಟರು ನಮ್ಮ ಮನೆಗೆ ಬರುವುದನ್ನು ಬಿಟ್ಟರು, ಅತ್ತೆ ನನ್ನೊಡನೆ ಮಾತು ಬಿಟ್ಟರು. ಅಷ್ಟರಲ್ಲಿ ದೇವನಹಳ್ಳಿಯಿಂದ ಹೇಳಿಕೆ ಬಂತು: ಪೊಲೀಸರೇ ತೂಗಿ, ಟೀವಿಯಲ್ಲೇ ತೋರಿಸಿದ ಒಡವೆಗಿಂತ ನಂಬಿಕಸ್ತ ಒಡವೆ ಎಲ್ಲಿ ಸಿಕ್ಕೀತು, ನಮಗೆ ಒಪ್ಪಿಗೆ. ಮದುವೆಯಲ್ಲಿ ಮೈಕ್ ಹಿಡಿದದ್ದು ನಾನೇ, ಪುಕ್ಕಟೆ.

ಅತ್ತೆ ಟೀವಿಗೆ ಬಂದದ್ದು 2020ರ ಲಾಕ್‌ಡೌನಿನಲ್ಲಿ. ಬಸ್ಸಿಲ್ಲ, ಮನೆಯಿಂದಲೇ ಓದಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಳಿಸಿ ಎಂದರು ಮಾಲೀಕರು. 2017ರ ಮಾರ್ಚಿನಲ್ಲಿ ದಕ್ಷಿಣ ಕೊರಿಯಾದ ಬೂಸಾನ್‌ನಿಂದ ರಾಬರ್ಟ್ ಕೆಲ್ಲಿ ಎಂಬ ಪ್ರಾಧ್ಯಾಪಕರು ಬಿಬಿಸಿಯೊಂದಿಗೆ ಮನೆಯಿಂದ ನೇರವಾಗಿ ಮಾತಾಡುವಾಗ ಮಗಳು ಕುಣಿಯುತ್ತಾ ಬಂದಳು, ಹಿಂದೆಯೇ ವಾಕರಿನಲ್ಲಿ ಕೂಸು ಬಂತು, ಕೊನೆಗೆ ಹೆಂಡತಿ ಜಾರುತ್ತಾ ಬಂದು ಇಬ್ಬರನ್ನೂ ಎಳೆದೊಯ್ದರು. ಆ ಮನೆಯಲ್ಲಿ ಎಳೆದೊಯ್ಯಲು ಒಬ್ಬರಿದ್ದರು. ನಮ್ಮನೆಯಲ್ಲಿ ಅತ್ತೆಯನ್ನು ಎಳೆದೊಯ್ಯುವವರು ಇನ್ನೂ ಹುಟ್ಟಿಲ್ಲ. ನಾನು ಹಜಾರದಲ್ಲಿ ಕೂತು ತರಕಾರಿ ಮಾರುಕಟ್ಟೆಯ ಸುದ್ದಿ ಓದುತ್ತಿದ್ದರೆ ಹಿಂದೆ ಮೊರ ಹಿಡಿದು ಬಂದು ಮಂಚದ ಮೇಲೆ ಕೂತರು. "ಬೀನ್ಸ್ ದರ ಗಗನಕ್ಕೆ" ಎಂದೆ. "ಸುಳ್ಳು. ಬೆಳಿಗ್ಗೆ ಗಾಡಿಯೋನು ಅರ್ಧ ರೇಟಿಗೆ ಕೊಟ್ಟೋದ" ಎಂದರು. "ರೈತರು ಕಂಗಾಲು" ಎಂದೆ. "ಅದು ನಿಜ" ಎಂದರು. ಮಾಲೀಕರು ಅದನ್ನು ಹಾಗೇ ಹಾಕಿದರು. ತಾಲ್ಲೂಕಿನಿಂದ ಫೋನೋ ಫೋನು. ಲಾಕ್‌ಡೌನ್ ಮುಗಿದು ನಾನು ಸ್ಟುಡಿಯೋಗೆ ಮರಳಿದಾಗ ಜನ ಕೇಳಿದ್ದು, "ಅಜ್ಜಿ ಎಲ್ಲಿ?" ಎಂದು. ಅಜ್ಜಿಯನ್ನು ಕಾಯಂ ಮಾಡಿಕೊಳ್ಳಲು ಮಾಲೀಕರು ಮನೆಗೇ ಬಂದರು. ಅತ್ತೆ ಕೇಳಿದ ಸಂಬಳ ನನ್ನದಕ್ಕಿಂತ ಹೆಚ್ಚಿತ್ತು, ಮಾತು ಮುರಿಯಿತು.

2023ರ ಜುಲೈನಲ್ಲಿ ಪವರ್ ಟೀವಿಯವರು ಸೌಂದರ್ಯ ಎಂಬ ಕೃತಕ ಬುದ್ಧಿಮತ್ತೆಯ ನಿರೂಪಕಿಯನ್ನು ತಂದರು. ಅದಕ್ಕೆ ಕೆಲವೇ ತಿಂಗಳ ಹಿಂದೆ ಆಜ್‌ತಕ್‌ನಲ್ಲಿ ಸನಾ ಬಂದಿದ್ದಳು, ಒಡಿಶಾದಲ್ಲಿ ಲೀಸಾ ಬಂದದ್ದು ಅದೇ ಜುಲೈನಲ್ಲಿ. ಯಜಮಾನರು ಮೊಬೈಲಿನಲ್ಲಿ ತೋರಿಸಿ, "ನೋಡು, ಇವಳಿಗೆ ಸಂಬಳ ಬೇಡ, ರಜಾ ಬೇಡ, ಕರೆಂಟ್ ಹೋಗ್ಲಿ ಅಂತ ಕಾಯೋದೂ ಬೇಡ. ನಿನ್ನ ಕೆಲಸ ಹೋಯ್ತು" ಎಂದರು. ಸ್ವಲ್ಪ ಹೊತ್ತು ಅವರೇ ಯೋಚಿಸಿ, ಮುಖ ಸಣ್ಣದು ಮಾಡಿಕೊಂಡು, "ಇವಳಿಗೆ ಸೀರೆಯೂ ಬೇಡ್ವಲ್ಲ" ಎಂದರು. ಅವತ್ತಿನಿಂದ ನನ್ನ ಉದ್ಯೋಗ ಉಳಿಯಬೇಕೆಂದು ಶನಿವಾರ ಆಂಜನೇಯನ ಗುಡಿಗೆ ಹೋಗುತ್ತಿದ್ದಾರೆ. ಅತ್ತೆ ಸೌಂದರ್ಯಳನ್ನು ಕನ್ನಡಕ ಹಾಕಿಕೊಂಡು ನೋಡಿ, "ಲಕ್ಷಣವಾಗವ್ಳೆ. ಯಾರ ಮಗ್ಳು?" ಎಂದರು. ಯಾರ ಮಗಳೂ ಅಲ್ಲ, ಕಂಪ್ಯೂಟರು ಎಂದೆ. "ಅಪ್ಪ ಅಮ್ಮ ಇಲ್ದೋಳು ಹೇಳಿದ್ನ ಯಾರು ನಂಬ್ತಾರೆ? ಸುಳ್ಳೇಳಿದ್ರೆ ಯಾರ್ ಮನೆ ಮುಂದೆ ಹೋಗಿ ಕೇಳೋದು?" ಎಂದು ಮೊಬೈಲು ವಾಪಸು ಕೊಟ್ಟರು. ನನ್ನ ಪರವಾಗಿ ಅವರು ಆಡಿದ ಮಾತು ಇದೊಂದೇ, ಅದನ್ನೂ ನನಗೆ ಕೇಳಲಿ ಎಂದು ಆಡಿದ್ದಲ್ಲ.

ದೊಡ್ಡಬಳ್ಳಾಪುರ ತಾಲ್ಲೂಕಿನ ಓದುಗರಲ್ಲಿ ಒಂದು ವಿನಂತಿ. ರಾತ್ರಿ ಎಂಟಕ್ಕೆ ನಮ್ಮ ಬುಲೆಟಿನ್ ನೋಡಿ. ಸುದ್ದಿ ತಪ್ಪಿದ್ದರೆ ಕಚೇರಿಗೆ ಫೋನ್ ಮಾಡಿ, ಸೀರೆ ಬೇಕಿದ್ದರೆ ಯಜಮಾನರಿಗೆ ಮಾಡಿ. ಗ್ರಾಂ ಹೆಚ್ಚು ಕಡಿಮೆ ಮಾಡಿಸಬೇಕಿದ್ದರೆ ಮಾತ್ರ ದಯವಿಟ್ಟು ಬಾಳೆಹಣ್ಣು ತಂದು ನಮ್ಮ ಜಗಲಿಯಲ್ಲಿ ಕೂರಬೇಡಿ. ಹಣ್ಣು ಅತ್ತೆ ಇಟ್ಟುಕೊಳ್ಳುತ್ತಾರೆ, ಎಫ್‌ಐಆರ್‌ನಲ್ಲಿ ಇದ್ದದ್ದನ್ನೇ ನಾನು ಓದುತ್ತೇನೆ.